ಕಣ್ಣು ಬಿಟ್ಟುಕೊಂಡೇ ನಿದ್ದೆ

ನವೆಂಬರ್ ೯, ಶನಿವಾರ
ಮಧ್ಯಾಹ್ನ

ನನ್ನ ಮಗಳಿಗೆ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ಇದನ್ನು ಒಡೆಯದೆ ಪಕ್ಕಕ್ಕಿಟ್ಟಿದ್ದರೂ ಅದು ನಿನ್ನ ತಪ್ಪಲ್ಲ. ಆರು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ. ಫೋನಿನಲ್ಲಿ ನಾನು ಚೆನ್ನಾಗಿ ಸುಳ್ಳು ಹೇಳುತ್ತೇನೆ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ ಅನ್ನುವುದು ಬಾಯಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಕಾಗದದ ಮೇಲೆ ನನ್ನ ಕೈ ನಿಧಾನ. ಸುಳ್ಳು ಬರೆಯಲು ಹೋದರೆ ಅದನ್ನು ಮೂರು ಸಲ ಓದಬೇಕಾಗುತ್ತದೆ. ಇದು ನಾಲ್ಕನೇ ಹಾಳೆ. ಮೊದಲಿನ ಮೂರನ್ನು ಹರಿದುಹಾಕಿದೆ.

ಪುಟ್ಟಿಗೆ ಹೊಡೆದಿರಾ, ಬೈದಿರಾ ಅಂತ ಸೆಪ್ಟೆಂಬರಿನಲ್ಲಿ ನೀನು ಕೇಳಿದೆ. ಇಲ್ಲ ಮಗಳೇ. ನಿನ್ನ ಕೂಸಿನ ಮೇಲೆ ನಾನು ಕೈ ಎತ್ತಿಲ್ಲ, ಒಂದು ಗಟ್ಟಿ ಮಾತೂ ಆಡಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಅದನ್ನು ಹೇಳಬೇಕಾದರೆ ನಾನು ಕೆಲಸದಲ್ಲಿದ್ದ ಕೊನೆಯ ತಿಂಗಳಿಂದಲೇ ಶುರುಮಾಡಬೇಕು.

ಜನವರಿ ಎರಡನೇ ವಾರ, ಸಂಜೆಯ ಟ್ರಿಪ್ಪು. ಇಪ್ಪತ್ತೇಳನೇ ನಂಬರಿನ ಬಸ್ಸು, ಕಾಲಿಡಲು ಜಾಗವಿಲ್ಲದಷ್ಟು ಜನ. ನೂಲಿನ ಗಿರಣಿಯ ಹತ್ತಿರದ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು, ಗೇರು ಹಾಕಿದೆ. ಆಮೇಲೆ ನೋಡಿದರೆ ನಾನು ಸೇತುವೆಯ ಬಾಯಿಯಲ್ಲಿದ್ದೆ. ನಡುವೆ ಮೂರು ದೀಪದ ಕಂಬಗಳಷ್ಟು ರಸ್ತೆ ಇದೆ, ಒಂದು ಸ್ಟಾಪೂ ಇದೆ. ಆ ರಸ್ತೆ ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ. ನಿದ್ದೆಯಲ್ಲ, ನಿದ್ದೆಗೆ ಮೊದಲು ರೆಪ್ಪೆ ಭಾರವಾಗುತ್ತದೆ. ಇದು ಯಾರೋ ಕತ್ತರಿ ತೆಗೆದುಕೊಂಡು ಅಷ್ಟು ಹೊತ್ತನ್ನು ಕತ್ತರಿಸಿ ತೆಗೆದ ಹಾಗೆ. ಬಸ್ಸು ತನ್ನ ಪಾಡಿಗೆ ತಾನು ನೆಟ್ಟಗೆ ಹೋಗಿತ್ತು. ಹಿಂದಿನಿಂದ ಕಂಡಕ್ಟರು ಬೆಲ್ಲು ಬಾರಿಸಿ, ಏನ್ರೀ, ಸ್ಟಾಪ್ ನುಂಗಿಬಿಟ್ರಲ್ಲ, ಮನೇಲಿ ಊಟ ಹಾಕಿಲ್ವಾ ಅಂದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ಅಂಗೈ ಸ್ಟೇರಿಂಗಿಗೆ ಅಂಟಿಕೊಂಡಂತಿತ್ತು.

ನಿವೃತ್ತಿಗೆ ಹದಿನೆಂಟು ದಿನ ಉಳಿದಿತ್ತು. ಆವತ್ತೇ ಡಿಪೋ ಮ್ಯಾನೇಜರಿಗೆ ಹೇಳಬೇಕಿತ್ತು. ಹೇಳಿದ್ದರೆ ಮಾರನೇ ದಿನದಿಂದಲೇ ನನ್ನನ್ನು ಸೀಟಿನಿಂದ ಇಳಿಸಿ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಮೂವತ್ತನಾಲ್ಕು ವರ್ಷ ಒಂದು ಗೀರೂ ಮಾಡದೆ ಓಡಿಸಿದವನು ನಾನಾಗಿಯೇ ಇಳಿಯಬೇಕು, ಯಾರೋ ಕೈಹಿಡಿದು ಇಳಿಸಬಾರದು ಅನ್ನುವ ಹಠ. ಹದಿನೆಂಟು ದಿನವೂ ಓಡಿಸಿದೆ. ಬೀಳ್ಕೊಡುಗೆಯ ದಿನ ನೀನು ಮುಂದಿನ ಸಾಲಿನಲ್ಲಿ ಕೂತು ಫೋಟೋ ತೆಗೆಯುತ್ತಿದ್ದೆ. ಮ್ಯಾನೇಜರು ನನ್ನನ್ನು ಹೊಗಳುವಾಗ ಅಪ್ಪನ ಕಣ್ಣಲ್ಲಿ ನೀರು ಬಂತು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಅದು ಸಂತೋಷದ ನೀರಲ್ಲ. ಆ ಹದಿನೆಂಟು ದಿನ ಎಷ್ಟು ಮಂದಿ ಆ ಬಸ್ಸು ಹತ್ತಿ ಇಳಿದಿರಬಹುದು ಅಂತ ನಾನು ಯೋಚಿಸುತ್ತಿದ್ದೆ.

ನಿವೃತ್ತನಾದ ಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಮೊದಲ ತಿಂಗಳು ತಮಾಷೆಯಾಗಿಯೇ ಹೋಯಿತು. ಬೆಳಗ್ಗೆ ನಾಲ್ಕಕ್ಕೆ ಎಚ್ಚರವಾಗುವುದು, ಷೂ ಹಾಕಿಕೊಂಡ ಮೇಲೆ ಹೋಗಲು ಎಲ್ಲಿಯೂ ಇಲ್ಲವೆಂದು ನೆನಪಾಗುವುದು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಕ್ಕೆ ನಿಮ್ಮಮ್ಮ, ಇದು ನಿಮ್ಮ ಡಿಪೋ ಅಲ್ಲ ಕಣ್ರೀ, ಉಪ್ಪು ಹುಡುಕಿ ಸಾಕಾಯ್ತು ಅಂದಳು. ಅವಳು ಎಂಟೂವರೆಗೆ ಶಾಲೆಗೆ ಪಾಠ ಮಾಡಲು ಹೊರಟರೆ ಬರುವುದು ನಾಲ್ಕೂವರೆಗೆ. ಅಲ್ಲಿಯತನಕ ಮನೆಯಲ್ಲಿ ನಾನೊಬ್ಬನೇ.

ಮಾರ್ಚಿನಲ್ಲಿ ಒಂದು ದಿನ ಕನ್ನಡಿಯ ಮುಂದೆ ನಿಂತು ಗಡ್ಡ ಕೆರೆಯುತ್ತಿದ್ದೆ. ಮರುಕ್ಷಣ ಬಚ್ಚಲಿನ ನೆಲದ ಮೇಲೆ ಕೂತಿದ್ದೆ, ಗಲ್ಲದಿಂದ ರಕ್ತ ಸುರಿಯುತ್ತಿತ್ತು. ಕಾಲು ಜಾರಿತು ಅಂದೆ. ನಿಮ್ಮಮ್ಮ ನೆಲವನ್ನು ಬೈದುಕೊಂಡು ಉಜ್ಜಿದಳು. ಮೇ ತಿಂಗಳಲ್ಲಿ ಮೆಟ್ಟಿಲ ಮೇಲೆ ಮತ್ತೆ ಹಾಗೆಯೇ ಆಯಿತು. ಕಂಬಿ ಹಿಡಿದಿದ್ದರಿಂದ ಬದುಕಿಕೊಂಡೆ. ಅವತ್ತಿನಿಂದ ನನಗೆ ಖಾಲಿ ಮನೆ ಅಂದರೆ ಎದೆ ಹಾರತೊಡಗಿತು. ಗ್ಯಾಸು ಹಚ್ಚಲು ಭಯ. ಬಚ್ಚಲಿನ ಚಿಲಕ ಹಾಕಲು ಭಯ. ಬಿದ್ದರೆ ನಾಲ್ಕೂವರೆತನಕ ಹಾಗೇ ಬಿದ್ದಿರುತ್ತೇನಲ್ಲ ಅನ್ನುವ ಯೋಚನೆ. ಎಂಟೂವರೆಗೆ ನಿಮ್ಮಮ್ಮ ಬಾಗಿಲು ಎಳೆದುಕೊಂಡ ಸದ್ದು ಕೇಳಿದರೆ ನಾನೂ ಷೂ ಹಾಕಿಕೊಳ್ಳುತ್ತಿದ್ದೆ.

ಅದಕ್ಕೇ ನಾನು ದಿನಾ ಹೋಗಿ ಇಪ್ಪತ್ತೇಳನೇ ನಂಬರ್ ಬಸ್ಸು ಹತ್ತುತ್ತಿದ್ದದ್ದು. ಅಪ್ಪನಿಗೆ ಬಸ್ಸು ಬಿಟ್ಟಿರಲಾಗುವುದಿಲ್ಲ ಅಂತ ನೀವೆಲ್ಲ ನಗುತ್ತಿದ್ದಿರಿ, ನಾನೂ ಹೂಂ ಅನ್ನುತ್ತಿದ್ದೆ. ನನಗೆ ಬೇಕಿದ್ದದ್ದು ಜನ. ಬಸ್ಸಿನಲ್ಲಿ ಬಿದ್ದರೆ ಯಾರಾದರೂ ನೋಡುತ್ತಾರೆ. ಈಗ ಆ ಬಸ್ಸು ಓಡಿಸುವವಳು ನಿನ್ನ ವಯಸ್ಸಿನ ಹುಡುಗಿ. ನಾನು ಅವಳ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಒಂದು ದಿನ ತಿರುಗಿ, ಸರ್, ನಾನು ಒಂದು ಸಲ ಬ್ರೇಕ್ ಹಾಕಿದರೆ ನೀವು ಹಿಂದೆ ನಾಲ್ಕು ಸಲ ತುಳೀತೀರಿ, ನೆಲ ತೂತಾಗುತ್ತೆ ಅಂದಳು. ಇಷ್ಟು ಚೆನ್ನಾಗಿ ಓಡಿಸುವವಳಿಗೆ ನನ್ನ ವಿಷಯ ಹೇಳಿಬಿಡಲೇ ಅನ್ನಿಸಿತು. ಬಾಯಿ ಬರಲಿಲ್ಲ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ನೀನು ಕೇಳುತ್ತೀಯ. ಹೋದರೆ ಅವರು ಯಾವಾಗಿನಿಂದ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿದೆ.

ಆಗಸ್ಟಿನಲ್ಲಿ ನಿನ್ನ ಆಫೀಸಿನ ಹೊತ್ತು ಬದಲಾಯಿತು. ಪುಟ್ಟಿಯನ್ನು ಮಧ್ಯಾಹ್ನ ಶಾಲೆಯಿಂದ ಕರೆತರುತ್ತೀರಾ, ನಿಮ್ಮಷ್ಟು ಹುಷಾರಾಗಿ ಓಡಿಸುವವರು ನನಗೆ ಇನ್ನಾರು ಸಿಗುತ್ತಾರೆ ಅಂತ ಕೇಳಿದೆ. ಆಗುವುದಿಲ್ಲ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ನಿನ್ನ ಆ ಕೊನೆಯ ಮಾತಿಗೆ ಸೋತೆ. ಆರು ತಿಂಗಳಿಂದ ನನ್ನನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ.

ಮೂರು ವಾರ ಓಡಿಸಿದೆ. ನಮ್ಮ ಹಳೇ ಕಾರು, ಕಿಟಕಿ ಪೂರ್ತಿ ಇಳಿಸಿ, ರಸ್ತೆಯ ಎಡ ಅಂಚು ಹಿಡಿದು, ಸೈಕಲ್ಲಿನವರು ದಾಟಿ ಹೋಗುವಷ್ಟು ನಿಧಾನ. ಮಗುವನ್ನು ಹಿಂದಿನ ಸೀಟಿನಲ್ಲೇ ಕೂರಿಸಿ ಅಂತ ನೀನು ಹೇಳಿದ್ದೆ. ನಾನು ಮುಂದೆ ಕೂರಿಸುತ್ತಿದ್ದೆ, ಅದನ್ನೂ ಬರೆದುಬಿಡುತ್ತೇನೆ. ಅವಳು ಕಂಡಕ್ಟರ್. ಮನೆ ಬಂದಾಗ ಕೊನೇ ಸ್ಟಾಪ್ ಇಳೀರಿ ಇಳೀರಿ ಅಂತ ಕೂಗಿ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದು ಅವಳ ಕೆಲಸ.

ಸೆಪ್ಟೆಂಬರ್ ಹತ್ತೊಂಬತ್ತು, ಗುರುವಾರ. ನಾಯಿ ಅಡ್ಡ ಬಂತು, ಗೋಡೆಗೆ ತಾಗಿಸಿದೆ ಅಂತ ನಿನಗೆ ಹೇಳಿದೆನಲ್ಲ, ಆ ದಿನ. ನಾಯಿ ಇರಲಿಲ್ಲ. ಪುಟ್ಟಿ ತರಗತಿಯಲ್ಲಿ ಯಾರದೋ ಹಲ್ಲು ಬಿದ್ದ ಕಥೆ ಹೇಳುತ್ತಿದ್ದಳು. ಹಲ್ಲು ಪೆನ್ಸಿಲ್ ಬಾಕ್ಸಿನಲ್ಲಿ ಇತ್ತು ಅನ್ನುವತನಕ ನನಗೆ ಗೊತ್ತು. ಆಮೇಲೆ ತಾತ, ತಾತ ಅಂತ ಅರಚುವುದು ಕೇಳಿತು. ಕಾರು ಫುಟ್‌ಪಾತ್ ಹತ್ತಿ ನಿಂತಿತ್ತು, ಎಡಗಡೆಯ ದೀಪ ಕನ್ನಡಕದ ಅಂಗಡಿಯ ಗೋಡೆಯಲ್ಲಿ ಪುಡಿಯಾಗಿತ್ತು. ಬಂಪರಿನಿಂದ ಒಂದು ಮೊಳ ದೂರದಲ್ಲಿ ಅಂಗಡಿಯ ಗಾಜು ಒರೆಸುತ್ತಿದ್ದ ಹೆಂಗಸು ಬಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಪುಟ್ಟಿ ಬೆಲ್ಟು ಕಳಚಿ, ಮೊಣಕಾಲೂರಿ, ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹಿಡಿದಿದ್ದಳು. ನಿಲ್ಲಿಸಿದವಳು ಅವಳು. ಏಳು ವರ್ಷದ ಮಗು. ನಾನು ಬಿಡು ಅಂದರೂ ಕೈ ಬಿಡಲಿಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಇಲ್ಲಿಯತನಕ ಆದದ್ದು ಕಾಯಿಲೆ ಅನ್ನಬಹುದೇನೋ. ಮುಂದಿನದು ನಾನೇ ಮಾಡಿದ್ದು. ಅವಳ ಮುಖ ಒರೆಸಿ, ಅಮ್ಮನಿಗೆ ಹೇಳಬೇಡ ಪುಟ್ಟಿ, ಹೇಳಿದರೆ ತಾತನನ್ನು ಇನ್ನು ಯಾವತ್ತೂ ನಿನ್ನ ಹತ್ತಿರ ಬಿಡುವುದಿಲ್ಲ ಅಂದೆ. ಹೇಳಲ್ಲ, ಆದರೆ ನೀನು ಮತ್ತೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಬಾರದು ಅಂದಳು. ಮಾಡಲ್ಲ ಅಂತ ಮಾತು ಕೊಟ್ಟೆ. ನನ್ನ ಕೈಯಲ್ಲಿಲ್ಲದ ವಿಷಯಕ್ಕೆ ಮಾತು ಕೊಟ್ಟೆ.

ಮರುದಿನ ಮಂಡಿನೋವು, ವ್ಯಾನು ಗೊತ್ತುಮಾಡಿಕೋ ಅಂದುಬಿಟ್ಟೆ. ಹಿಂದಿನ ದಿನವಾದರೂ ಹೇಳಬಾರದಿತ್ತೇ ಅಂತ ನೀನು ಕಿಡಿಕಿಡಿಯಾದೆ. ಆಮೇಲೆ ಮಗು ಮಂಕಾದಳು, ಊಟ ಬಿಟ್ಟಳು, ನನ್ನ ಹೆಸರೆತ್ತಿದರೆ ಕೋಣೆಗೆ ಹೋಗುತ್ತಾಳೆ ಅಂತ ನೀನು ಕೇಳಿದರೆ, ಮಕ್ಕಳಿಗೆ ಏನೋ ಒಂದಿರುತ್ತೆ ಬಿಡು ಅಂದೆ. ನೀನು ಫೋನ್ ಇಟ್ಟೆ. ಇಟ್ಟದ್ದು ನ್ಯಾಯವಾಗಿತ್ತು.

ಕಳೆದ ಭಾನುವಾರ ನಿಮ್ಮಮ್ಮ ನಿನ್ನ ಮನೆಯಿಂದ ಬಂದು ಚೀಲ ಕೆಳಗಿಡದೆ ಅಲ್ಲೇ ಕುರ್ಚಿಯಲ್ಲಿ ಕೂತಳು. ಪುಟ್ಟಿ ವ್ಯಾನಿನ ಡ್ರೈವರ ಹಿಂದೆಯೇ ಕೂತು ದಾರಿಯುದ್ದಕ್ಕೂ ಅಂಕಲ್, ಅಂಕಲ್ ಅಂತ ಕರೆಯುತ್ತಿರುತ್ತಾಳಂತೆ. ಅವನು ಹೂಂ ಅನ್ನುವತನಕ ಬಿಡುವುದಿಲ್ಲವಂತೆ. ಮಧ್ಯಾಹ್ನ ಮಲಗಿದ ಅವಳಪ್ಪನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದಳಂತೆ. ನಿಮ್ಮಮ್ಮ ಇದನ್ನು ಹೇಳಿ, ಯಾಕಿರಬಹುದು ಅಂತ ಕೇಳಿದಳು. ನನ್ನನ್ನೇ ಕೇಳಿದಳೋ, ಸುಮ್ಮನೆ ಗಾಳಿಗೆ ಕೇಳಿದಳೋ ಗೊತ್ತಿಲ್ಲ. ಎಲ್ಲವನ್ನೂ ಹೇಳಿದೆ, ಸೇತುವೆಯಿಂದ ಶುರುಮಾಡಿ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎದ್ದು ಕಾರಿನ ಕೀ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು, ಮಗಳಿಗೆ ಇದನ್ನು ನೀವೇ ಹೇಳಬೇಕು ಅಂದಳು. ಸೋಮವಾರ ಶಾಲೆಗೆ ರಜೆ ಹಾಕಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎದೆಗೆ ತಂತಿಗಳನ್ನು ಅಂಟಿಸಿ, ಸೊಂಟಕ್ಕೆ ಒಂದು ಪೆಟ್ಟಿಗೆ ಕಟ್ಟಿ ಕಳಿಸಿದರು. ಮಾರನೇ ದಿನ ಅದನ್ನು ಓದಿದ ಡಾಕ್ಟರಮ್ಮ ಉದ್ದನೆಯ ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. ಗೀಟು ಏರಿ ಇಳಿದು, ಏರಿ ಇಳಿದು, ಒಂದು ಕಡೆ ಬರೀ ನೆಟ್ಟಗೆ ಹೋಗಿತ್ತು. ಇಲ್ಲಿ ನಿಮ್ಮ ಹೃದಯ ಆರು ಸೆಕೆಂಡು ನಿಂತಿದೆ, ಮಿದುಳಿಗೆ ರಕ್ತ ಹೋಗದೆ ನಿಮಗೆ ಎಚ್ಚರ ತಪ್ಪುತ್ತದೆ ಅಂದರು. ಭುಜದ ಕೆಳಗೆ, ಚರ್ಮದೊಳಗೆ ಪೇಸ್‌ಮೇಕರ್ ಇಡಬೇಕಂತೆ. ಗಾಡಿ ಓಡಿಸುತ್ತೀರಾ ಅಂತ ಕೇಳಿದರು. ಈಗ ಇಲ್ಲ ಅಂದೆ. ಮೊದಲು ಅಂತ ಕೇಳಿದರು. ನಿಮ್ಮಮ್ಮ ಗೋಡೆಯ ಕಡೆ ನೋಡುತ್ತಿದ್ದಳು. ಬಸ್ಸು ಓಡಿಸುತ್ತಿದ್ದೆ, ಗೊತ್ತಿದ್ದೂ ಹದಿನೆಂಟು ದಿನ ಓಡಿಸಿದೆ ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಗುರುವಾರ ಡಿಪೋಗೂ ಹೋಗಿ ಬಂದೆ. ಮ್ಯಾನೇಜರು ಬಾಗಿಲು ಮುಚ್ಚಿ, ಆಗಿದ್ದಾಗಿ ಹೋಯ್ತು, ಯಾರಿಗೂ ಏನೂ ಆಗಲಿಲ್ಲವಲ್ಲ, ಕೆದಕಬೇಡಿ ಅಂದರು. ನನ್ನ ಕಂಡಕ್ಟರಿಗೂ ಹೇಳಿದೆ. ಅವರು ಟೀ ಕುಡಿಯುತ್ತಿದ್ದವರು ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಹೋದರು. ಹದಿನಾರು ವರ್ಷ ನನ್ನ ಬೆನ್ನ ಹಿಂದೆ ನಿಂತಿದ್ದ ಮನುಷ್ಯ. ಅವರನ್ನು ಕರೆಯುವ ಧೈರ್ಯ ಬರಲಿಲ್ಲ.

ಕ್ಷಮಿಸು ಅಂತ ಕೇಳಲು ಈ ಕಾಗದ ಬರೆಯುತ್ತಿಲ್ಲ. ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಪುಟ್ಟಿಗೆ ಇವತ್ತೇ ಹೇಳು. ತಾತ ಎಲ್ಲ ಹೇಳಿಬಿಟ್ಟಿದ್ದಾರೆ, ನೀನು ಇನ್ನು ಬಚ್ಚಿಟ್ಟುಕೊಳ್ಳಬೇಕಾದ್ದು ಏನೂ ಇಲ್ಲ ಅನ್ನು. ವ್ಯಾನಿನ ಅಂಕಲ್‌ಗೆ ಆ ಕಾಯಿಲೆ ಇಲ್ಲ ಅನ್ನು. ಆ ದಿನ ಆ ಹೆಂಗಸು, ನಾನು, ಅವಳು, ಮೂವರೂ ಉಳಿದದ್ದು ಅವಳ ಕೈಯಿಂದ ಅಂತಲೂ ಹೇಳು. ತಾತ ಅಮ್ಮನಿಗೆ ಹೇಳಬೇಡ ಅಂದದ್ದು ತಪ್ಪು, ದೊಡ್ಡವರು ಹೆದರಿದಾಗ ಅಂಥ ಮಾತು ಆಡುತ್ತಾರೆ, ಅದನ್ನು ಮಕ್ಕಳು ಕೇಳಬೇಕಾಗಿಲ್ಲ ಅಂತ ಹೇಳು. ನಾನೇ ಬಂದು ಹೇಳಬೇಕೆಂದರೆ ಬಸ್ಸಿನಲ್ಲಿ ಬಂದು ಹೇಳುತ್ತೇನೆ. ಬೇಡವೆಂದರೆ ಬರುವುದಿಲ್ಲ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಆಪರೇಷನ್ ಇದೇ ಹದಿಮೂರು, ಬುಧವಾರ ಬೆಳಗ್ಗೆ ಎಂಟಕ್ಕೆ. ಮಗಳಿಗೆ ಫೋನಿನಲ್ಲಿ ತಿಳಿಸಿದ್ದೇನೆ, ಆಫೀಸು ಬಿಟ್ಟು ಬರಲಾಗುವುದಿಲ್ಲ ಅಂದಳು ಅಂತ ನಿಮ್ಮಮ್ಮನಿಗೆ ಸುಳ್ಳು ಹೇಳಿದ್ದೇನೆ. ಬಾ ಅಂದರೆ ನೀನು ಬರದೇ ಹೋಗಿಬಿಟ್ಟರೆ ಅನ್ನುವ ಹೆದರಿಕೆಗೆ ಹೇಳಿದ್ದು. ಸಣ್ಣ ಆಪರೇಷನ್ ಅಂತಾರೆ ಎಲ್ಲರೂ. ನನಗೆ ಭಯವಾಗುತ್ತಿದೆ ಮಗಳೇ. ಬಾ.