ಆರನೆಯ ಅಮೈನೊ ಆಮ್ಲ

ಎಫೋಸಾ,

ಈ ಪತ್ರವನ್ನು ನಾನು ಕಳಿಸುವುದಿಲ್ಲ. ಆದರೂ ಇವತ್ತು ಕಂಡದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನಮ್ಮ ಮದುವೆಯನ್ನು ನಿಲ್ಲಿಸಿದ ಸಿಕಲ್ ಸೆಲ್ ರೋಗದ ಮೂಲವನ್ನು ಪ್ರೊಫೆಸರ್ ಒಮೊರುಯಿ ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದರು. ರಕ್ತದ ಹಿಮೋಗ್ಲೋಬಿನ್ ಅಣು ಮೆಲ್ಲಗೆ ತಿರುಗುತ್ತಿತ್ತು. ಅದರ ಒಂದು ಸರಪಳಿಯಲ್ಲಿ ನೂರ ನಲವತ್ತಾರು ಅಮೈನೊ ಆಮ್ಲಗಳಿವೆ, ಬದಲಾಗಿರುವುದು ಆರನೆಯದೊಂದೇ. ಅಲ್ಲೊಂದು ಪುಟ್ಟ ಉಬ್ಬು, ಪಕ್ಕದ ಅಣುವಿನಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಗುಳಿ. ಆಮ್ಲಜನಕ ಬಿಟ್ಟುಹೋದೊಡನೆ ಉಬ್ಬು ಗುಳಿಯೊಳಗೆ ಕೂತಿತು. ಅಣುಗಳು ಒಂದಕ್ಕೊಂದು ಅಂಟಿ, ಹಗ್ಗವಾಗಿ, ಇಡೀ ರಕ್ತಕಣವನ್ನೇ ಕುಡುಗೋಲಿನಂತೆ ಬಗ್ಗಿಸಿದವು. ಅಷ್ಟು ಚಿಕ್ಕದು, ಅಷ್ಟು ಚೆಂದ. ನಾನು ಕುಳಿತುಕೊಳ್ಳುವುದನ್ನೇ ಮರೆತೆ.

“ಏನಮ್ಮ ಇಟೋಹಾನ್, ಮದುಮಗನನ್ನ ನೋಡೋ ಹಾಗೆ ನೋಡ್ತಿದ್ದೀಯಲ್ಲ,” ಎಂದು ಪ್ರೊಫೆಸರ್ ನಕ್ಕರು.

“ಇನ್ನೊಂದ್ಸಲ ತೋರಿಸಿ ಸರ್,” ಎಂದೆ.

ನಾವಿಬ್ಬರೂ ಇದರ ಒಂದೊಂದು ಪಾಲು ಹೊತ್ತಿದ್ದೇವೆ, ಹುಟ್ಟುವ ಮಗುವಿಗೆ ಎರಡೂ ಬಂದು ರೋಗವಾಗಬಹುದು ಎಂದು ಮದುವೆಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ತಿಳಿದ ದಿನ ನೀನು ಚರ್ಚಿನ ಕೋಣೆಯಲ್ಲಿ ನನಗಾಗಿ ಕಾದೆಯಂತೆ. ನಾನು ಬರಲಿಲ್ಲ, ಉಂಗುರವನ್ನು ಚಿಕ್ಕಮ್ಮನ ಕೈಲಿ ಕಳಿಸಿದೆ. ನಿನಗೆ ಮಕ್ಕಳು ಬೇಕೇ ಬೇಕಿತ್ತೇ ಎಂದು ಕೇಳಲೂ ಇಲ್ಲ.

ಕಂಪ್ಯೂಟರ್ ಆರಿಸುತ್ತಾ ಪ್ರೊಫೆಸರ್ ಹೇಳಿದರು: “ಒಂದೇ ಪಾಲಿದ್ರೆ ಇದೇ ಬದಲಾವಣೆ ಮಕ್ಕಳನ್ನ ಮಲೇರಿಯಾದಿಂದ ಉಳಿಸತ್ತೆ, ಗೊತ್ತಲ್ಲ?”

ಪರೀಕ್ಷೆಗೆ ಓದಿ ಬರೆದಿದ್ದ ಮಾತೇ ಅದು. ಇವತ್ತು ಮಾತ್ರ ನನ್ನ ಮೈ ಜುಮ್ಮೆಂದಿತು. ಮಲೇರಿಯಾ ಬಿಡದ ಈ ಬೆನಿನ್ ನಗರದಲ್ಲಿ ನಾವಿಬ್ಬರೂ ಬದುಕಿ, ಬೆಳೆದು, ಒಬ್ಬರನ್ನೊಬ್ಬರು ಕಂಡದ್ದು ಇದರಿಂದಲೇ ಇರಬಹುದು.