ಗಿರಣಿ ಹೆಣ್ಮಗಳ ಕಥಿ ಟೈಪ್ ಮಾಡಿದಮ್ಯಾಲ

ಆಳಂದ
ಆಯಿತವಾರ, ೧೨ ಜನವರಿ ೨೦೨೫

ಸೃಷ್ಟಿಯ ಅಪ್ಪಾಜಿಯವರಿಗೆ ಶಿವಕಾಂತಾ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹ್ಯಾಂಗದ? ನೆಲೋಗ್ಯಾಗ ಥಂಡಿ ಭಾಳ ಅದ ಅಂದಿದ್ರಿ. ಮಫ್ಲರ್ ಕಟ್ಕೊಂಡು ಸಾಲಿಗಿ ಹೋಗಾಕತ್ತೀರೋ, ಪೆಟಗಿಯೊಳಗೇ ಇಟ್ಟೀರೋ? ಇಲ್ಲಿ ಅತ್ತಿಯವರ ಮೊಣಕಾಲ ನೋವು ಜರಾ ಕಡಿಮಿ ಆಗ್ಯಾದ, ತೊಗರಿ ಹಸನ ಮಾಡಾಕ ಕುಂತ್ರ ಏಳಾಂಗಿಲ್ಲ. ಸೃಷ್ಟಿ ಗಣಿತದಾಗ ಛಲೋ ಮಾರ್ಕ್ಸ್ ತಂದಾಳ. ಅಪ್ಪಾಜಿಗಿ ನಾನೇ ಹೇಳ್ತೇನಿ ಅಂದಾಳ, ಅದಕ್ಕ ನಾ ಹೇಳಿದ್ದು ಗೊತ್ತಿಲ್ಲದಾಂಗ ಇರ್ರಿ. ಫೋನ್ ಇದ್ದೂ ಪತ್ರ ಯಾಕಂತ ಕೇಳ್ತೀರಿ. ಫೋನಿನಾಗ ನೀವು ಮನಿಯವ್ರ ಜೋಡಿನೂ ಮಾಸ್ತರಂಗ ಮಾತಾಡ್ತೀರಿ, ನಾ ನಡುವ ಅತ್ತುಬಿಡ್ತೇನಿ, ಹೇಳೂದು ಹಂಗೇ ಉಳೀತದ.

ಹೋದ ವಾರ ಕೇಳಿದ್ರಿ, ನನ್ನ ಕಥಿ ಯಾಕ ವಾಪಸ್ ಬರ್ತಾವ, ಛಲೋ ಬರ್ಯಾಕ ಏನ್ ಮಾಡ್ಬೇಕು, ನೀನೇ ಹೇಳು ಅಂತ. ಬಸ್ ಸ್ಟ್ಯಾಂಡ್ ಎದುರು ನಯೀಮಭಾಯಿ ಡಿಟಿಪಿ ಅಂಗಡ್ಯಾಗ ಲಗ್ನಪತ್ರಿಕಾ, ಅರ್ಜಿ, ಊರ ಕವಿಗಳ ಪದ್ಯ ಎಲ್ಲಾ ಟೈಪ್ ಮಾಡಾಕಿ ನಾನು. ನೀವು ಫೋಟೋ ತಗದು ಕಳಸೂ ಕಥಿನೂ ಮೊದಲಿಂದ ನಾನೇ ಟೈಪ್ ಮಾಡೇನಿ. ಬರ್ದವ್ರ ಕಣ್ಣಿಗಿಂತ ಟೈಪ್ ಮಾಡಾವ್ರ ಬೆರಳಿಗಿ ಬ್ಯಾಸರ ಲಗೂ ಗೊತ್ತಾಗ್ತದ. ಅದಕ್ಕ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ.

ಮೊದಲನೇ ಪುಟ ಹರದು ಒಗೀರಿ. ನಿಮ್ಮ ಕಥಿ ಎಲ್ಲಾ ಸೂರ್ಯ ಹುಟ್ಟೂದರಿಂದನೇ ಸುರು ಆಗ್ತಾವ, ಸೂರ್ಯ ಹುಟ್ಟೂದು ಎಲ್ಲಾರಿಗೂ ಗೊತ್ತದ. ಸಾಲಿಯಿಂದ ಬಂದಕೂಡ್ಲೆ, ಅಂಗಿ ಬಿಚ್ಚೂಕಿಂತ ಮೊದಲ, ಅರ್ಧ ಪುಟ ಬರೀರಿ. ಮನಸ್ಸು ಬರ್ಲಿ ಅಂತ ಕುಂತ್ರ ಅದು ಪಗಾರದ ದಿನ ಸೈತ ಬರಾಂಗಿಲ್ಲ. ಕೆಟ್ಟ ಬಂದ್ರೂ ಇರ್ಲಿ, ಮರುದಿನ ಹೊಡದ ಹಾಕಾಕ ಏನರ ಬೇಕಲ್ಲ. ಬರ್ದಕೂಡ್ಲೆ ಮಾಸ್ತರ ವಾಟ್ಸಾಪ್ ಗುಂಪಿನಾಗ ಹಾಕಿ ಹೆಬ್ಬೆಟ್ಟು ಎಣಸ್ಕೋತ ಕೂಡಬ್ಯಾಡ್ರಿ. ನಿಮ್ಮ ಚಂದಪ್ಪ ಮಾಸ್ತರು ಗುಡ್ ಮಾರ್ನಿಂಗಿಗೂ ಅದೇ ಹೆಬ್ಬೆಟ್ಟು ಒತ್ತತಾರ. ಒಂದು ವಾರ ಬಿಟ್ಟು ದನಿ ತಗದು ಓದ್ರಿ. ನಾ ನಿಮ್ಮ ಕಥಿ ಅತ್ತಿಯವರ ಮುಂದ ಓದ್ತೇನಿ, ಇದು ನಿಮಗ ಗೊತ್ತಿಲ್ಲ. ಅವರು ಎಲ್ಲಿ ಎದ್ದು ಒಲಿ ನೋಡಾಕ ಹೋಗ್ತಾರ, ಅಲ್ಲಿ ಗೀಟು ಹಾಕ್ತೇನಿ. ಹಿಂದಿನ ಕಥಿಗಿ ಅವರು ಒಲಿ ಮುಂದೇ ಕುಂತುಬಿಟ್ರು.

ದೊಡ್ಡ ಶಬ್ದ ಬಿಡ್ರಿ. ಆ ಕಥ್ಯಾಗ ಒಬ್ಬಾಕಿ ಹೆಂಡ್ತಿ ಬಂದಿದ್ಲು. 'ಸಹನಾಮೂರ್ತಿ' ಅಂತ ಒಂದೇ ಶಬ್ದದಾಗ ಮುಗಿಸಿ ಚಾ ಮಾಡಾಕ ಒಳಗ ಕಳಿಸಿದ್ರಿ. ಕಥಿ ಮುಗದ್ರೂ ಪಾಪ, ಅಕಿ ಚಾ ಮಾಡಾಕತ್ತೇ ಇದ್ಲು. ಅಕಿ ಬಳಿ ಒಡದಿತ್ತೋ, ಅಕಿಗಿ ಅವತ್ತು ಸಿಟ್ಟು ಬಂದಿತ್ತೋ, ನಿಮಗೇನೂ ಗೊತ್ತಿಲ್ಲ. ನೋಡದೇ ಬರ್ದ್ರ ಹಂಗೇ ಆಗ್ತದ.

ಈಗ ಹೊಸ ಕಥಿಗಿ ಬರ್ತೇನಿ, ಆ ಗಿರಣಿ ಹೆಣ್ಮಗಳದ್ದು. ಇದರಾಗ ಸೂರ್ಯ ಹುಟ್ಟಿಲ್ಲ. ದೊಡ್ಡ ಶಬ್ದ ಒಂದೂ ಇಲ್ಲ. ಅಕಿ ಹುಬ್ಬಿನ ಮ್ಯಾಲ ಹಿಟ್ಟು ಕುಂತಿರ್ತದ, ಮುಂಗೈಲೆ ಒರಸ್ಕೊಂಡ್ರ ಇನ್ನಷ್ಟು ಹತ್ತತದ ಅಂತ ಬರ್ದೀರಿ. ಕರೆಂಟ್ ಹೋಗಿ ಗಿರಣಿ ನಿಂತಮ್ಯಾಲೂ ಅಕಿ ಒಂದು ಮಾತು ಚೀರಿನೇ ಆಡ್ತಾಳ, ಆಮ್ಯಾಲ ನಾಚ್ಕೊಂಡು ದನಿ ಇಳಸ್ತಾಳ ಅಂತ ಬರ್ದೀರಿ. ಅದನ್ನ ಟೈಪ್ ಮಾಡೂವಾಗ ನನ್ನ ಕೈ ನಿಂತವು. ಎಷ್ಟು ಛಲೋ ಬರ್ದಾರ ಅನಸ್ತು, ಮರುಗಳಿಗಿ ಹೊಟ್ಯಾಗ ಬೆಂಕಿ ಬಿತ್ತು. ಅಂದ್ರ ಕರೆಂಟ್ ಹೋದಾಗ ನೀವು ಅಲ್ಲೇ ನಿಂತಿದ್ರಿ. ತಿಂಗಳಾ ಜ್ವಾಳ ಬೀಸಿಸಿ, ಡಬ್ಬಿ ತುಂಬಿ ಬಸ್ಸಿನಾಗ ಕಳಸಾಕಿ ನಾನು. ನಿಮಗ ಗಿರಣಿ ಹಾದಿ ಯಾಕ ಬೇಕಾತ್ರಿ? ಉಳಿದ ಕಥ್ಯಾಗ ಎಲ್ಲಾರಿಗೂ ಮಾರುದ್ದ ಹೆಸರು ಇಡ್ತೀರಿ, ಇಕಿಗಿ ಹೆಸರೇ ಇಟ್ಟಿಲ್ಲ. ಇದ್ದ ಹೆಸರು ಬದಲಿ ಮಾಡಾಕ ಮನಸ್ಸಾಗಲಿಲ್ಲೇನು? ಎರಡು ಆಯಿತವಾರ ವಿಶೇಷ ತರಗತಿ ಅಂತ ನೀವು ಮನಿಗಿ ಬಂದಿಲ್ಲ. ನಾ ನಂಬಿಲ್ಲ ಅಂತಲ್ಲ, ಹೇಳಿದೆ ಅಷ್ಟೇ.

ಇದನ್ನೂ ಅತ್ತಿಯವರ ಮುಂದ ಓದಿದೆ. ಒಲಿ ಕಡಿ ತಿರುಗಿ ನೋಡಲಿಲ್ಲ, ಮೊರದಾಗಿನ ತೊಗರಿ ಹಂಗೇ ಉಳೀತು. ಮುಗದಮ್ಯಾಲ 'ಯಾರ ಮಗಳಬೇ ಅಕಿ?' ಅಂದ್ರು. ಖರೇ ಇದ್ದಾಕಿ ಅಲ್ರಿ, ಕಥ್ಯಾಗಿನಾಕಿ ಅಂದೆ. 'ಎದುರಿಗಿ ನಿಂತಾಂಗ ಆತಲ್ಲಬೇ' ಅಂದ್ರು. ಅವರು ಮಗನ್ನ ಮೆಚ್ಚಿ ಅಂದ್ರು, ನನಗ ಅವತ್ತು ಊಟ ಹೋಗಲಿಲ್ಲ.

ಲಗ್ನ ಆದಾಗಿಂದ ನಾನೂ ನಿಮ್ಮ ಕಣ್ಣ ಮುಂದೇ ಇದ್ದೇನಿ. ನಾ ಸಿಟ್ಟು ಬಂದಾಗ ಮೊದಲ ಏನ್ ಮಾಡ್ತೇನಿ, ನಗೂವಾಗ ಯಾವ ಕೈ ಬಾಯಿಗಿ ಹೋಗ್ತದ, ಹೇಳ್ರಿ ನೋಡೂಣು. ಹೊಟ್ಟೆಕಿಚ್ಚು ಅಂತೀರಿ. ಹೌದ್ರಿ, ಹೊಟ್ಟೆಕಿಚ್ಚೇ. ಏನ್ ಕಲೀಬೇಕಂತ ಕೇಳಿದ್ರಲ್ಲ, ಅಕಿನ್ನ ನೋಡಿದಾಂಗ ಎಲ್ಲಾರನ್ನೂ ನೋಡಿ ಬರೀರಿ. ಉಳಿದದ್ದು ಹೊಡದ ಹಾಕೂದು, ತಿದ್ದೂದು, ಅದನ್ನ ಯಾರರ ಕಲಸ್ತಾರ.

ಸೃಷ್ಟಿ ಮುತ್ತು ಕಳಿಸ್ಯಾಳ, ಅತ್ತಿಯವರು ಆಶೀರ್ವಾದ ಹೇಳ್ಯಾರ. ಹೊತ್ತಿಗಿ ಸರಿಯಾಗಿ ಊಟ ಮಾಡ್ರಿ.

ಶಿವಕಾಂತಾ
(ಹೆಸರಿನ ಹಿಂದ 'ನಿಮ್ಮ' ಅಂತ ಬರ್ಯೂದು ಆಮ್ಯಾಲ ನೋಡೂಣು)

ತಾ.ಕ.: ಯುಗಾದಿ ವಿಶೇಷಾಂಕದ ಸ್ಪರ್ಧೆಗಿ ಈ ಕಥಿ ನಿನ್ನೇನೇ ಕಳಿಸಿಬಿಟ್ಟೇನಿ. ಅಕಿ ಹುಬ್ಬಿನ ಹಿಟ್ಟಿನ ಸಾಲು ತಗದು ಹಾಕಬೇಕಂತ ಕೈ ಹೋಗಿತ್ತು, ಖರೇ, ಒಂದು ಶಬ್ದನೂ ತಗದಿಲ್ಲ. ಬರೂ ಆಯಿತವಾರ ಮುಂಜಾನಿ ಬಸ್ಸಿಗಿ ನಾನೇ ನೆಲೋಗಿಗಿ ಬರ್ತೇನಿ, ಗಿರಣಿಗಿ ಕರ್ಕೊಂಡು ಹೋಗ್ರಿ. ಅಂಥಾಕಿ ಅಲ್ಲಿ ಯಾರೂ ಇಲ್ಲಂದ್ರ, ನನ್ನ ಗಂಡ ದೊಡ್ಡ ಲೇಖಕ ಅಂತ ಆಳಂದ ತುಂಬ ನಾನೇ ಹೇಳ್ಕೋತ ತಿರಗ್ತೇನಿ. ಇದ್ದಾಳಂದ್ರ, ಮುಂದಿನ ಕಥಿ ನೀವೇ ಟೈಪ್ ಮಾಡ್ಕೋರಿ.