ಕೋದಂಡಪ್ಪನವರ ಫೋನಿನಲ್ಲಿ ಹಳೆಯ ಅಧ್ಯಕ್ಷ

ಮಂಗಳವಾರ, ಜೂನ್ ೧೦

ತಲೆ ಸಿಡಿಯುತ್ತಿದೆ. ನಾನು ಮಾಡಿಕೊಟ್ಟ ಹಾಲಿನ ಸಂಘದ ವೆಬ್‌ಸೈಟ್ ಬೇಗ ತೆರೆಯುವುದೇ ಇಲ್ಲ ಎಂದು ದಿನಾ ಗೊಣಗುತ್ತಿದ್ದವರೇ ಈ ಕೋದಂಡಪ್ಪ. ಅದಕ್ಕೇ ಹೋದ ತಿಂಗಳು ಫೋಟೊಗಳನ್ನೆಲ್ಲ ಕುಗ್ಗಿಸಿ, ಒಮ್ಮೆ ನೋಡಿದವರ ಫೋನಿನಲ್ಲೇ ವರ್ಷವಿಡೀ ಉಳಿಯುವಂತೆ ಕ್ಯಾಶ್ ಮಾಡಿಟ್ಟೆ. ನಿನ್ನೆ ಇವರೇ ಅಧ್ಯಕ್ಷರಾದರು. ಅಧ್ಯಕ್ಷರ ಪುಟದಲ್ಲಿ ಹಳೆಯ ಅಧ್ಯಕ್ಷ ಮುನಿಸ್ವಾಮಪ್ಪನವರ ಫೋಟೊ ತೆಗೆದು, ಅದೇ ಫೈಲ್ ಹೆಸರಿನಲ್ಲಿ ಇವರದು ಹಾಕಿದೆ.

ಇವತ್ತು ಕ್ಯಾಸಂಬಳ್ಳಿಯಿಂದ ರಾಬರ್ಟ್‌ಸನ್‌ಪೇಟೆಯ ನನ್ನ ಕಂಪ್ಯೂಟರ್ ಅಂಗಡಿಗೇ ಬಂದರು.

"ಏನಮ್ಮಾ ಇಂಗೆ? ಎಲ್ಲರ ಫೋನಾಗೂ ನಾನೇ ಇವ್ನಿ. ನನ್ ಫೋನಾಗೆ ಮಾತ್ರ ಆ ಮುನಿಸ್ವಾಮಪ್ಪ ಇನ್ನೂ ಕುಂತವ್ನೆ!"

"ಅದು ಕ್ಯಾಶ್ ಅಣ್ಣಾ, ಅಳಿಸಿಕೊಡ್ತೀನಿ."

"ನನ್ಗೊಬ್ಬನ್ಗೇ ಯಾಕೆ?" ಎಂದು ಮೇಜು ಗುದ್ದಿದರು.

ಏನು ಹೇಳಲಿ? ಇಡೀ ಸಂಘದಲ್ಲಿ ನಿನ್ನೆಗೆ ಮುಂಚೆ ಅಧ್ಯಕ್ಷರ ಪುಟ ತೆರೆದು ನೋಡಿದವರು ನೀವೊಬ್ಬರೇ ಎಂದೇ? ಆ ಕುರ್ಚಿಯಲ್ಲಿ ಕೂತಿದ್ದ ಮುನಿಸ್ವಾಮಪ್ಪನವರೂ ನೋಡಿರಲಿಲ್ಲ...